ಚನ್ನಬಸಯ್ಯನ ಕಾರಿಗೆ ಬಂದ ಬಣ್ಣ

ಇಂಡಿಯ ಪಶು ಆಸ್ಪತ್ರೆಯ ಕಂಪೌಂಡರ್ ಚನ್ನಬಸಯ್ಯನಿಗೆ ತನ್ನ ಕೈಗಳ ಮೇಲೆ ಇದ್ದಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಎಮ್ಮೆ, ಎತ್ತು, ಆಡುಗಳಿಗೆ ಔಷಧ ಕಲಸಿದ ಕೈ ಅದು. ಜಗತ್ತಿನ ಯಾವ ಎರಡು ಪದಾರ್ಥಗಳನ್ನಾದರೂ ಆ ಕೈ ಒಂದು ಮಾಡಬಲ್ಲದು ಎಂದು ಅವನು ತಿಳಿದಿದ್ದ. ಒಮ್ಮೆ ಮನೆಯಲ್ಲಿ ಕೆಮ್ಮಿನ ಕಷಾಯವನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದ್ದಕ್ಕೆ ಮೂವರು ಎರಡು ದಿನ ಮಲಗಿದ್ದರು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇಂಥವನು ತನ್ನ ಕಾರಿಗೆ ತಾನೇ ಬಣ್ಣ ಹಚ್ಚಲು ಹೊರಟದ್ದು ಒಂದು ಫೋನಿನಿಂದ. ಫೋನು ಮಾಡಿದವನು ಮುದ್ದೇಬಿಹಾಳದ ಗುತ್ತಿಗೆದಾರ ಸಿದ್ದಾರೂಢ, ಚನ್ನಬಸಯ್ಯನ ಹೆಂಡತಿ ವಿಜಯಲಕ್ಷ್ಮಿಯ ತಂಗಿಯ ಗಂಡ. ಅವನ ಮಗಳು ಐಶ್ವರ್ಯಳ ನಿಶ್ಚಿತಾರ್ಥ ನಿಗದಿಯಾಗಿತ್ತು. ಗಂಡಿನ ಕಡೆಯವರು ಕೊಲ್ಹಾರದವರು, ಹಿನ್ನೀರಿನ ದಂಡೆಗೆ ನಲವತ್ತು ಎಕರೆ ಕಬ್ಬು ಇದ್ದವರು.

"ಅಣ್ಣಾರ, ಎಲ್ಲಾರೂ ಲಗೂನ ಬರ್ರಿ. ಆದ್ರ ಒಂದು ಮಾತು. ನಿಮ್ಮ ಗಾಡಿ ಮನೀ ಮುಂದ ಹಚ್ಚಬ್ಯಾಡ್ರಿ. ಹಿಂದಿನ ಓಣ್ಯಾಗ ಕಟಗಿ ಅಡ್ಡೆ ಐತೆಲ್ಲಾ, ಅಲ್ಲಿ ನಿಂದ್ರಸ್ರಿ. ಬೀಗರು ದೊಡ್ಡ ಮಂದಿ. ತಪ್ಪು ತಿಳ್ಕೋಬ್ಯಾಡ್ರಿ ಮತ್ತ."

ಚನ್ನಬಸಯ್ಯ ತಪ್ಪು ತಿಳಿದುಕೊಳ್ಳಲಿಲ್ಲ. ಆದರೆ ಫೋನಿನ ಸ್ಪೀಕರ್ ಹಾಕಿತ್ತು, ಮತ್ತು ಮೂರು ಮಾರು ದೂರದಲ್ಲಿ ವಿಜಯಲಕ್ಷ್ಮಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಗೆ ಬಿದ್ದ ಮುಂದಿನ ಏಟು ಎಂಥದಿತ್ತೆಂದರೆ ರೊಟ್ಟಿ ಎರಡು ಹೋಳಾಯಿತು.

"ಬಸ್ಸಿಗೆ ಹೋದ್ರಾತು ತಗೋ," ಎಂದ ಚನ್ನಬಸಯ್ಯ.

"ಬಸ್ಸಿಗಿಲ್ಲ ಗಿಸ್ಸಿಗಿಲ್ಲ. ಅವನ ಮನೀ ಮುಂದ, ತಲಬಾಗಿಲದ ಎದುರಿಗೇ ನಮ್ಮ ಗಾಡಿ ನಿಂದ್ರಬೇಕು. ಹೆಂಗ ಮಾಡ್ತೀರೋ ಮಾಡ್ರಿ."

ಗಾಡಿಯ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ ಸಿದ್ದಾರೂಢನ ಮಾತಿನಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತಾರು ವರ್ಷದ ಸಣ್ಣ ಕಾರು ಅದು, ಚನ್ನಬಸಯ್ಯನ ಕೈಗೆ ಬರುವ ಮೊದಲು ನಾಲ್ಕು ಮನೆ ನೋಡಿತ್ತು. ಕಾಗದದಲ್ಲಿ ಬಿಳಿ. ಕಣ್ಣಿಗೆ ಮಾತ್ರ ಮೇಲೆಲ್ಲ ಜಂಗು, ಬಾಗಿಲೊಂದು ಬೇರೆ ಯಾವುದೋ ಕಾರಿನದು, ಬಾನೆಟ್ಟಿನ ತುಂಬ ತೊನ್ನಿನಂಥ ಕಲೆ. ಓಣಿಯ ಕೋಳಿಗಳು ಅದನ್ನು ವಾಹನವೆಂದು ಒಪ್ಪಿಕೊಳ್ಳದೆ ಅದರ ಕೆಳಗೆ ತತ್ತಿ ಇಡುತ್ತಿದ್ದವು.

ವಿಜಯಪುರದ ಗ್ಯಾರೇಜಿನವರು ಮೂವತ್ತೆಂಟು ಸಾವಿರ ಹೇಳಿದರು. ಮನೆಯ ಡಬ್ಬಿಯಲ್ಲಿ ಇದ್ದದ್ದು ಎರಡು ಸಾವಿರ. ಹೀಗಾಗಿ ಚನ್ನಬಸಯ್ಯ ಬಾಜೂ ಮನೆಯ ನಬಿಲಾಲನ ಹತ್ತಿರ ಹೋದ. ನಬಿಲಾಲ ಟ್ರ್ಯಾಕ್ಟರ್ ಟ್ರೇಲರುಗಳಿಗೂ ಅಂಗಡಿಯ ಶಟರುಗಳಿಗೂ ಬಣ್ಣ ಹಚ್ಚುವವನು. ಅವನ ಹಿತ್ತಲಿನಲ್ಲಿ ಉಳಿದ ಬಣ್ಣದ ಡಬ್ಬಿಗಳು ಗೋಡೆ ಎತ್ತರಕ್ಕೆ ಬಿದ್ದಿದ್ದವು.

"ಸ್ವಾಮ್ಯಾರ, ಕಾರಿನ ಬಣ್ಣ ಬ್ಯಾರೆ, ಟ್ರೇಲರ್ ಬಣ್ಣ ಬ್ಯಾರೆ."

"ಅದೂ ಕಬ್ಬಿಣ, ಇದೂ ಕಬ್ಬಿಣ. ಹೌದಲ್ಲೋ?"

ನಬಿಲಾಲ ಅವನನ್ನು ಹಿತ್ತಲಿಗೆ ಕರೆದೊಯ್ದ. ಡಬ್ಬಿ ತೆಗೆದು ನೋಡಿದರೆ ಶಟರಿನ ನೀಲಿ ಅರ್ಧ, ಟ್ರೇಲರಿನ ಕೆಂಪು ಮುಕ್ಕಾಲು, ದರ್ಗಾದ ಗೇಟಿನ ಹಸಿರು ಸ್ವಲ್ಪ, ತಳದಲ್ಲಿ ಬೆಳ್ಳಿಬಣ್ಣ. ಯಾವುದೊಂದೂ ಇಡೀ ಕಾರಿಗೆ ಸಾಲುವಂತಿರಲಿಲ್ಲ. ಚನ್ನಬಸಯ್ಯನ ಕೈ ತುರಿಸತೊಡಗಿತು.

"ಎಲ್ಲಾ ಕೂಡಿಸೂಣು."

"ಎಲ್ಲಾ ಕೂಡಿಸಿದ್ರ ಶಗಣಿ ಬಣ್ಣ ಬರ್ತೈತ್ರಿ," ಎಂದ ನಬಿಲಾಲ. ಮೂವತ್ತು ವರ್ಷ ಬ್ರಷ್ ಹಿಡಿದವನ ಮಾತು, ಶಾಸ್ತ್ರಕ್ಕೂ ಅನುಭವಕ್ಕೂ ಒಪ್ಪುವ ಮಾತು.

ಬಣ್ಣ ಊದುವ ಗನ್ನು ಇರಲಿಲ್ಲ. ಅದರ ಬದಲಿಗೆ ಚನ್ನಬಸಯ್ಯ ತನ್ನ ಕಾಕಾನ ಮಗನ ಲಿಂಬಿ ತೋಟದಿಂದ ಹುಳಕ್ಕೆ ಎಣ್ಣೆ ಹೊಡೆಯುವ ಪಂಪು ತಂದ. ಪಂಪಿನ ತಳದಲ್ಲಿ ತೋಟಕ್ಕೆ ಹೊಡೆದು ಉಳಿದ ಏನೇನೋ ಇತ್ತು. ಮೈಲುತುತ್ತ ಇತ್ತು, ಬೇವಿನೆಣ್ಣೆ ಇತ್ತು, ಹೆಸರು ಮಾಸಿದ ಇನ್ನೆರಡು ಇದ್ದವು. ಅದನ್ನು ತೊಳೆಯಬೇಕಿತ್ತು. ಚನ್ನಬಸಯ್ಯ ತೊಳೆಯಲಿಲ್ಲ.

ರವಿವಾರ ಮುಂಜಾನೆ ಅಂಗಳದ ಸುತ್ತ ಹಳೆಯ ಸೀರೆಗಳನ್ನು ಕಟ್ಟಿ ಕೆಲಸ ಶುರುವಾಯಿತು. ಬಣ್ಣ, ಥಿನ್ನರು ಎಲ್ಲ ಪಂಪಿಗೆ ಹೊಯ್ದಾಗ ಒಳಗಿನಿಂದ ಎಮ್ಮೆ ತೇಗಿದಂಥ ಸದ್ದು ಬಂತು. ನಬಿಲಾಲ ಹೋಗಿ ಗೋಡೆಯ ಆಚೆ ನಿಂತ. ಚನ್ನಬಸಯ್ಯ ಮೂಗಿಗೆ ಟಾವೆಲ್ಲು ಕಟ್ಟಿಕೊಂಡು, ಲಿಂಬಿ ಗಿಡಕ್ಕೆ ಹೊಡೆದ ಹಾಗೆ ಸುತ್ತು ಬಂದು ಹೊಡೆದ. ಸಂಜೆಯ ಹೊತ್ತಿಗೆ ಕಾರು ಬೂದಿಯೂ ಅಲ್ಲದ ಕೆಸರೂ ಅಲ್ಲದ ಒಂದು ಬಣ್ಣದಲ್ಲಿ ಹಸಿಯಾಗಿ ನಿಂತಿತ್ತು. ವಿಜಯಲಕ್ಷ್ಮಿ ಹೊರಗೆ ಬಂದು ನೋಡಿದಳು. ಒಳಗೆ ಹೋಗಿ ಮುದ್ದೇಬಿಹಾಳದ ಬಸ್ಸು ಎಷ್ಟಕ್ಕೆಂದು ಯಾರಿಗೋ ಫೋನು ಮಾಡಿ ಕೇಳಿದಳು.

ಸೋಮವಾರ ಮುಂಜಾನೆ ಹಾಲು ಹಾಕುವ ಹುಡುಗ ಮುತ್ತು ಪಾತ್ರೆಗೆ ಹಾಲು ಹೊಯ್ಯುತ್ತಾ ಅಂಗಳದ ಕಡೆ ಕಣ್ಣು ಹೊರಳಿಸಿದ. ಹೊರಳಿಸಿದ ಕಣ್ಣು ಹಿಂದಕ್ಕೆ ಬರಲಿಲ್ಲ. ಹಾಲು ಪಾತ್ರೆ ತುಂಬಿತು, ಕಟ್ಟೆ ಇಳಿಯಿತು, ಗಟಾರ ಸೇರಿತು. "ಏ ಮುತ್ತು, ಹಾಲೋ!" ಎಂದು ಕೂಗುತ್ತಾ ಬಂದ ವಿಜಯಲಕ್ಷ್ಮಿ ಅವನು ನೋಡಿದ ಕಡೆ ನೋಡಿದಳು. ಅವಳ ಕೂಗೂ ಅಲ್ಲಿಗೇ ನಿಂತಿತು.

ಆ ಬಣ್ಣವನ್ನು ಏನೆಂದು ಹೇಳುವುದು? ನೀಲಿ ಎಂದರೆ ಅದರೊಳಗಿಂದ ಹಸಿರು ಎದ್ದು ಬರುತ್ತಿತ್ತು. ಹಸಿರು ಎಂದುಕೊಳ್ಳುವಷ್ಟರಲ್ಲಿ ಮಾಗಿದ ನೇರಳೆಯಾಗುತ್ತಿತ್ತು. ನವಿಲಿನ ಕುತ್ತಿಗೆ ಎಂದರೆ ನವಿಲಿಗೆ ಅದು ಹೆಚ್ಚಿನ ಮರ್ಯಾದೆ. ಬೇರೆ ಬಣ್ಣಗಳ ಮೇಲೆ ಕಣ್ಣು ನಿಲ್ಲುತ್ತದೆ, ಇದರ ಮೇಲೆ ಇಟ್ಟ ಕಣ್ಣು ಬಾವಿಗೆ ಬಿಟ್ಟ ಕೊಡದ ಹಾಗೆ ಒಳಗೆ ಇಳಿಯುತ್ತಿತ್ತು. ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡು ಹೊರಬಂದ ಚನ್ನಬಸಯ್ಯನಿಗೆ ಮೊದಲು ಆದದ್ದು ಸಂತೋಷವಲ್ಲ, ಭಯ. ಯಾರದೋ ವಸ್ತು ತಪ್ಪಿ ತನ್ನ ಮನೆಗೆ ಬಂದಿದೆ ಎಂದು ಅವನಿಗೆ ಅನ್ನಿಸಿತು.

ಅರ್ಧ ತಾಸಿನಲ್ಲಿ ಓಣಿ ತುಂಬಿತು. ಗದ್ದಲ ಮಾತ್ರ ಇರಲಿಲ್ಲ. ಬಂದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಒಬ್ಬ ಮುದುಕ ಚಪ್ಪಲಿ ಬಿಟ್ಟು ನಿಂತಿದ್ದ. ಯಾಕಜ್ಜಾ ಎಂದು ಕೇಳಿದ್ದಕ್ಕೆ, "ಯಾರಿಗೆ ಗೊತ್ತಪಾ, ಕಾಲು ತಾವ ಬಿಟ್ಟುವು," ಎಂದ.

ನಬಿಲಾಲನ ತಾಯಿ ಪೀರಬಿಗೆ ಎಂಟು ದಿನದ ಹಿಂದೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಇನ್ನೊಂದನ್ನು ಮಾಡಿಸಲು ಅವಳು ಒಪ್ಪಿರಲಿಲ್ಲ. "ಒಂದು ಕಣ್ಣಿನ್ಯಾಗೇ ಸಾಕಾಗೈತಿ. ಅದ ಗಟಾರ, ಅದ ಗ್ವಾಡಿ. ನೋಡಾಕ ಹೊಸಾದೇನೈತಿ?" ಎಂದು ಮಗನೊಡನೆ ಜಗಳಾಡುತ್ತಲೇ ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದಳು. ನಿಂತಳು. ಕನ್ನಡಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ನಬಿಲಾಲ, ಇದು ಎಲ್ಲಾರಿಗೂ ಕಾಣಾಕತ್ತೈತೋ, ನನಗೊಬ್ಬಾಕಿಗೋ?"

"ಎಲ್ಲಾರಿಗೂ ಕಾಣಾಕತ್ತೈತಿ ಅಮ್ಮಾ."

"ಹಂಗಿದ್ರ ಆ ಡಾಕ್ಟರ್‌ಗೆ ಇನ್ನೊಂದು ಕಣ್ಣೂ ಮಾಡಂತ ಹೇಳು."

ಅಷ್ಟರಲ್ಲಿ ಬಟ್ಟೆ ಅಂಗಡಿಯ ಅನಿಲ ಗುಂಪು ಸರಿಸಿ ಮುಂದೆ ಬಂದ. ಬಣ್ಣಗಳ ವಿಷಯದಲ್ಲಿ ಇಂಡಿಯಲ್ಲಿ ಅವನೇ ಕೊನೆಯ ಮಾತು. ಸೀರೆಯ ಬಣ್ಣಗಳಿಗೆ ಅವನು ಅರವತ್ತು ಹೆಸರು ಬಲ್ಲವನು. "ಕಂಪೌಂಡರ್ ಸಾಹೇಬ್ರ, ಯಾವ ಬಣ್ಣರಿ ಇದು? ಹೆಸರೇನು?" ಎಂದು ಕೇಳಿದ.

ನೂರು ಮುಖಗಳು ಚನ್ನಬಸಯ್ಯನ ಕಡೆ ತಿರುಗಿದವು. ಲಿಂಬಿ ತೋಟದ ಪಂಪಿನಲ್ಲಿ ಶಟರಿನ ಬಣ್ಣ ಕಲಸಿದ್ದೇನೆ ಎಂಬ ಸತ್ಯ ನಾಲಿಗೆಯ ತುದಿಯವರೆಗೆ ಬಂತು. ಆದರೆ ಆ ಬಣ್ಣದ ಎದುರಿಗೆ ಆ ಮಾತು ಆಡಲು ಅವನಿಗೆ ಸಂಕೋಚವಾಯಿತು. ಕೈ ಅಂಗಿಯ ಕಿಸೆಗೆ ಹೋಯಿತು. ಕಿಸೆಯಲ್ಲಿ ಆಸ್ಪತ್ರೆಗೆ ಹೊಸ ಮಾಲು ತರಿಸಲೆಂದು ಹರಿದಿಟ್ಟುಕೊಂಡ ಔಷಧದ ಡಬ್ಬಿಯ ರಟ್ಟು ಇತ್ತು. ದನಗಳಿಗೆ ಹೊಟ್ಟೆ ಉಬ್ಬರಿಸಿದಾಗ ಬಿದಿರಿನ ಗೊಟ್ಟದಲ್ಲಿ ಹೊಯ್ದು ಕುಡಿಸುವ ಎಣ್ಣೆ ಔಷಧ.

"ರುಮಿನೋರಾ," ಎಂದ ಚನ್ನಬಸಯ್ಯ.

"ರುಮಿನೋರಾ," ಎಂದು ಓಣಿಯೆಲ್ಲ ಮೆಲ್ಲಗೆ ಅಂದಿತು.

"ಇಟಲಿದು ಇರಬೇಕಲ್ರಿ?" ಎಂದ ಅನಿಲ.

"ಇಟಲಿದ," ಎಂದ ಚನ್ನಬಸಯ್ಯ. ಈ ಎರಡನೆಯ ಸುಳ್ಳಿನ ಅವಶ್ಯಕತೆ ಇರಲಿಲ್ಲ. ಆದರೆ ಮೊದಲನೆಯದು ಒಂಟಿಯಾಗಿ ನಿಂತಿತ್ತಲ್ಲ.

ಮೂರು ದಿನದಲ್ಲಿ ಆ ಹೆಸರು ಇಂಡಿ ತಾಲೂಕನ್ನು ಸುತ್ತಿತು. ಅನಿಲನ ಅಂಗಡಿಯಲ್ಲಿ ರುಮಿನೋರಾ ಬಣ್ಣದ ಇಳಕಲ್ ಸೀರೆಗೆ ಹದಿನಾಲ್ಕು ಮಂದಿ ಹೆಸರು ಬರೆಸಿದರು. ಬಣ್ಣದ ಅಂಗಡಿಗಳಲ್ಲಿ ಕೇಳಿದವರಿಗೆ, "ನಿನ್ನೇನ ಖಾಲಿ ಆತ್ರಿ," ಎಂಬ ಉತ್ತರ ಸಿಕ್ಕಿತು. ಹೆಸರೇ ಕೇಳಿಲ್ಲ ಎಂದು ಒಪ್ಪಿಕೊಳ್ಳುವ ಅಂಗಡಿಕಾರ ಈ ಭೂಮಿಯ ಮೇಲೆ ಹುಟ್ಟಿಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಮಾತ್ರ ತಲೆ ಕೆರೆದುಕೊಂಡರು. "ಚನ್ನಬಸಯ್ಯ, ರುಮಿನೋರಾ ಅಂದ್ರ ನಮ್ಮ ಉಬ್ಬರದ ಔಷಧ ಅಲ್ಲೇನ್ರಿ?" ಎಂದು ಕೇಳುತ್ತಾ ಸಂಜೆ ಮನೆಗೇ ಬಂದರು. ಚನ್ನಬಸಯ್ಯ ಎಲ್ಲವನ್ನೂ ಒಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು ಕಾರು ನೋಡಿದರು. ಇಳಿಬಿಸಿಲು ಅದರ ಮೇಲೆ ಬಿದ್ದಿತ್ತು. ಬಹಳ ಹೊತ್ತು ನಿಂತರು. "ಇರಬೇಕು. ಬ್ಯಾರೆ ಕಂಪನಿ ಇರಬೇಕು," ಎಂದವರೇ ಹೊರಟುಹೋದರು. ಇಪ್ಪತ್ತು ವರ್ಷದ ವಿದ್ಯೆ ಒಂದು ಬಾಗಿಲಿನ ಮೇಲಿನ ಬಣ್ಣದ ಎದುರು ಹೀಗೆ ಕೈ ಚೆಲ್ಲಿತು.

ನಿಶ್ಚಿತಾರ್ಥದ ದಿನ ಗಂಡ ಹೆಂಡಿರು ಮುಂಜಾನೆಯೇ ಹೊರಟರು. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ವಿಜಯಲಕ್ಷ್ಮಿಯ ಸೋದರತ್ತೆ ಚಂದವ್ವಳನ್ನು ಹತ್ತಿಸಿಕೊಳ್ಳಬೇಕಿತ್ತು, ಅವಳು ಯಂಕಂಚಿಯಿಂದ ಟೆಂಪೋದಲ್ಲಿ ಬಂದು ಕಾಯುತ್ತಿದ್ದಳು. ಕಾರು ನಿಲ್ದಾಣಕ್ಕೆ ಬಂದಾಗ ಕಲಬುರಗಿ ಬಸ್ಸಿನ ಪ್ರಯಾಣಿಕರೆಲ್ಲ ಎದ್ದು ಒಂದೇ ಕಡೆಯ ಕಿಟಕಿಗೆ ಬಂದರು. ಬಸ್ಸು ಆ ಕಡೆಗೆ ವಾಲಿತು. ಕಂಡಕ್ಟರ್ ಬೈಯಲು ಹೋಗಿ, ತಾನೂ ಅದೇ ಕಿಟಕಿಗೆ ಬಂದ.

ಚಂದವ್ವ ಕಾರಿಗೆ ಹತ್ತಲೇ ಒಲ್ಲೆ ಎಂದಳು. "ಇದರಾಗ ನಾ ಕುಂಡ್ರಂಗಿಲ್ಲವ್ವ. ನನ್ನ ಸೀರಿ ಹಳೇದೈತಿ."

ಅವಳನ್ನು ಎತ್ತಿಯೇ ಕೂಡಿಸಬೇಕಾಯಿತು.

ಬಸವನ ಬಾಗೇವಾಡಿಯ ಸರ್ಕಲ್ಲಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಯಲ್ಲಾಲಿಂಗ ಕೈ ಅಡ್ಡ ಮಾಡಿದ. ಅವನು ಕಾಗದ ಬಿಟ್ಟು ಬೇರೇನನ್ನೂ ನಂಬದ ಮನುಷ್ಯ. ಕಾರಿನ ಕಾಗದ ಓದಿದ, ಕಾರು ನೋಡಿದ, ಮತ್ತೆ ಕಾಗದ ಓದಿದ.

"ಇದರಾಗ ಬಿಳಿ ಅಂತ ಐತಿ."

"ಹೌದ್ರಿ."

"ಇದು ಬಿಳಿ ಏನ್ರಿ?"

"ಅಲ್ರಿ."

"ಮತ್ತ ಏನಿದು?"

"ರುಮಿನೋರಾ ಅಂತಾರ್ರಿ."

"ಯಾರಂತಾರ?"

"ಇಂಡ್ಯಾಗ ಎಲ್ಲಾರೂ ಅಂತಾರ್ರಿ."

ದಂಡ ಹಾಕಬೇಕೆಂದರೆ ಈಗಿನ ಬಣ್ಣ ಯಾವುದೆಂದು ಬರೆಯಬೇಕು. ಯಲ್ಲಾಲಿಂಗ ಪುಸ್ತಕದಲ್ಲಿ 'ನೀಲಿ' ಎಂದು ಬರೆದ. ಮೋಡವೊಂದು ಸರಿಯಿತು. ಅದನ್ನು ಹೊಡೆದು 'ಹಸಿರು' ಎಂದು ಬರೆದ. ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೋಗಿ ನೋಡಿ ಅದನ್ನೂ ಹೊಡೆದ. ಹಣ್ಣಿನ ಗಾಡಿಯವನು ಬದನೆ ಎಂದ, ಚಹಾದಂಗಡಿಯವನು ಪಾರಿವಾಳ ಎಂದ, ಇಬ್ಬರೂ ಒಬ್ಬರ ಕಾಲರ್ ಒಬ್ಬರು ಹಿಡಿದರು. ಜಗಳ ಬಿಡಿಸಿ ಬಂದ ಯಲ್ಲಾಲಿಂಗ ಬೆವರು ಒರೆಸಿಕೊಂಡು, ಪೊಲೀಸ್ ಇಲಾಖೆಯ ಮರ್ಯಾದೆಗೆ ತಕ್ಕ ಹಾಗೆ, ಕಂಡದ್ದನ್ನಷ್ಟೇ ಬರೆದ: 'ಬಣ್ಣ: ಬಿಳಿ ಅಲ್ಲ.'

ಐನೂರು ರೂಪಾಯಿಗೆ ರಸೀದಿ ಹರಿದು ಕೊಟ್ಟ ಮೇಲೆ, "ಹತ್ತ ಮಿನಿಟ್ ನಿಂದ್ರಿ," ಎಂದ.

"ದಂಡ ಕೊಟ್ಟೇವಲ್ರಿ ಸಾಹೇಬ್ರ, ನಿಶ್ಚಿತಾರ್ಥದ ಟೈಮು ಆಗಾಕತ್ತೈತಿ."

"ಕಾಯ್ದೆ ಮುಗೀತ್ರಿ. ನಮ್ಮ ಮನೀ ಮಂದಿ ಕ್ವಾರ್ಟರ್ಸಿನ್ಯಾಗ ಅದಾರ. ಒಮ್ಮಿ ನೋಡಿ ಹೋಗ್ಲಿ."

ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ನೋಡಿದಳು, ಯಾಕೋ ಕಣ್ಣು ಒರೆಸಿಕೊಂಡಳು. ಮೂಗಿಗೆ ಹಿಟ್ಟು ಹತ್ತಿತು.

ಮುದ್ದೇಬಿಹಾಳದಲ್ಲಿ ಸಿದ್ದಾರೂಢ ಗೇಟಿನ ಹತ್ತಿರವೇ ಕಾಯುತ್ತಿದ್ದ. ಹಳೆಯ ಕಾರನ್ನು ಹಿಂದಿನ ಓಣಿಗೆ ತಿರುಗಿಸಲು ಅವನು ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ಕಾರು ಅವನ ಕಂಕುಳ ಕೆಳಗಿನಿಂದ ಹಾದು ತಲಬಾಗಿಲಿನ ಎದುರು, ಅವನ ಹದಿನೆಂಟು ಲಕ್ಷದ ಹೊಸ ಬಿಳಿ ಕಾರಿನ ಪಕ್ಕದಲ್ಲಿ ನಿಂತಿತು. ಹೊಸ ಕಾರು ಆ ಕ್ಷಣವೇ ಫ್ರಿಜ್ಜಿನ ಹಾಗೆ ಕಾಣತೊಡಗಿತು. ಒಳಗೆ ಅಕ್ಷತೆ ಹಿಡಿದು ನಿಂತವರು ಹೊರಗೆ ಬಂದರು. ಮಂತ್ರ ಹೇಳುತ್ತಿದ್ದ ಅಯ್ಯನವರು ಮಂತ್ರ ಹೇಳುತ್ತಲೇ ಹೊರಗೆ ಬಂದರು. ಹತ್ತು ನಿಮಿಷ ಒಳಗಿದ್ದವರು ಹುಡುಗ ಹುಡುಗಿ ಇಬ್ಬರೇ. ಈ ಸಂಬಂಧದಲ್ಲಿ ಅವರು ಮಾತಾಡಿದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ಗಂಡಿನ ತಂದೆ ಗುರುಪಾದಯ್ಯ ಕಡಿಮೆ ಮಾತಿನ ಮನುಷ್ಯ. ಕಾರಿಗೆ ಮೂರು ಸುತ್ತು ಬಂದು, ಒಳಗೆ ಹೋಗಿ ಜಮಖಾನೆಯ ಮೇಲೆ ಕುಳಿತು ಕಣ್ಣು ಮುಚ್ಚಿದರು. ಕೊಡುವ ತರುವ ಮಾತು ಬಂದಾಗ ಕಣ್ಣು ತೆರೆದರು.

"ನಮಗೇನೂ ಬ್ಯಾಡ. ನಮ್ಮ ಸೊಸಿ ಆ ಬಣ್ಣದ ಗಾಡಿಯೊಳಗ ಕುಂತು ಕೊಲ್ಹಾರಕ್ಕ ಬರಬೇಕು. ಇಷ್ಟ."

ಸಿದ್ದಾರೂಢ ಕಿಟಕಿಯಿಂದ ತನ್ನ ಬಿಳಿ ಕಾರಿನ ಕಡೆ ನೋಡಿದ. ಸಾಲು ಸಾಲು ಸೇತುವೆ ಕಟ್ಟಿಸಿದ ಗುತ್ತಿಗೆದಾರನ ಮಗಳು ಇಪ್ಪತ್ತಾರು ವರ್ಷದ ಸಣ್ಣ ಕಾರಿನಲ್ಲಿ ಗಂಡನ ಮನೆಗೆ ಹೋಗುವುದೇ? ಅವನು ಚನ್ನಬಸಯ್ಯನ ರಟ್ಟೆ ಹಿಡಿದು ಮರೆಗೆ ಕರೆದೊಯ್ದ.

"ಅಣ್ಣಾರ, ನನ್ನ ಗಾಡಿಗೂ ಆ ಬಣ್ಣ ಹಚ್ಚಿಕೊಡ್ರಿ. ಎಷ್ಟಾದ್ರೂ ಆಗ್ಲಿ."

ಚನ್ನಬಸಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಡಬ್ಬಿಗಳು, ಪಂಪು, ದನದ ಉಬ್ಬರ, ಕಿಸೆಯ ರಟ್ಟು, ಒಂದೂ ಬಿಡದೆ ಎಲ್ಲವನ್ನೂ ಹೇಳಿಬಿಟ್ಟ. ಹೇಳಿ ಮುಗಿಸಿದಾಗ ಹಗುರಾದ. ಸಿದ್ದಾರೂಢನ ಕಣ್ಣಲ್ಲಿ ನೀರು ತುಂಬಿತ್ತು.

"ಇರ್ಲಿ ಅಣ್ಣಾರ. ಕಟಗಿ ಅಡ್ಡೆ ಮಾತು ಅಂದೆ, ನಿಮಗ ಸಿಟ್ಟು ಬಂದೈತಿ. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅನ್ರಿ. ದನದ ಔಷಧ ಅಂತ ಹೇಳಿ ಯಾಕ ಮಾನ ಕಳೀತೀರಿ?"

ಸುಳ್ಳು ಹೇಳಿದಾಗ ನೂರು ಜನ ಒಪ್ಪಿದ್ದರು, ಸತ್ಯ ಹೇಳಿದ ಮೇಲೆ ಸಂಬಂಧ ಕೆಟ್ಟಿತು. ಎರಡು ತಿಂಗಳು ಅಕ್ಕತಂಗಿಯರ ನಡುವೆ ಫೋನು ಬಂದಾಯಿತು. "ಹಿರೇ ಅಳಿಯ ಬಣ್ಣದ ಗುಟ್ಟು ಮುಚ್ಚಿಟ್ಟಾನ," ಎಂದು ಬೀಗರಲ್ಲೆಲ್ಲ ಮಾತಾಯಿತು. ಕೊನೆಗೆ ವಿಜಯಲಕ್ಷ್ಮಿಯೇ ಸೋತಳು.

"ನಾ ಕಣ್ಣಾರೆ ನೋಡೇನಿ, ನೀವು ಹೇಳೂದು ಖರೇ ಐತಿ. ಆದ್ರ ಒಮ್ಮಿ ಬಂದದ್ದು ಇನ್ನೊಮ್ಮಿ ಬರಂಗಿಲ್ಲೇನು? ಹಚ್ಚಿಕೊಡ್ರಿ. ನನ್ನ ತಂಗಿ ಮಾತು ಬಿಟ್ಟಾಳ."

ಮಾರ್ಚಿ ತಿಂಗಳ ಒಂದು ಮುಂಜಾನೆ ಸಿದ್ದಾರೂಢ ಹೊಸ ಕಾರು ತೆಗೆದುಕೊಂಡು ಇಂಡಿಗೆ ಬಂದ. ಡಿಕ್ಕಿ ತೆರೆದು ಒಂದು ರಟ್ಟಿನ ಖೋಕಾ ಹೊರಗಿಟ್ಟ. ಅದರೊಳಗೆ ಹನ್ನೆರಡು ಬಾಟಲಿ ರುಮಿನೋರಾ.

"ಸಿಕ್ತು ಅಣ್ಣಾರ! ನಮ್ಮ ಊರಾಗನ ಸಿಕ್ತು. ಅಂಗಡ್ಯಾಂವನೂ ದನಕ್ಕ ಅಂದ. ನಾ ನಕ್ಕೆ. ದೊಡ್ಡ ಮಾಲು ಇರೂದನ್ನ ಹಿಂಗನ ಮುಚ್ಚಿಟ್ಟು ಮಾರ್ತಾರ ಅಂತ ನನಗ ತಿಳಿಯಂಗಿಲ್ಲೇನು?"

ಚನ್ನಬಸಯ್ಯ ಹಣೆ ಹಣೆ ಬಡಿದುಕೊಂಡ. ನಬಿಲಾಲ ಕಿವಿಯಲ್ಲಿ, "ಮೊದ್ಲ ಬಾನೆಟ್ಟಿಗೆ ಅಷ್ಟ ಹೊಡ್ಯೂಣ್ರಿ ಸ್ವಾಮ್ಯಾರ," ಎಂದ. ಆ ವರ್ಷ ಇಂಡಿಯಲ್ಲಿ ಯಾರಾದರೂ ಕೊಟ್ಟ ಅತಿ ಬುದ್ಧಿವಂತ ಸಲಹೆ ಅದು. ಅವೇ ಬಣ್ಣಗಳ ಹೊಸ ಡಬ್ಬಿ ತಂದರು. ಅದೇ ಪಂಪು ತಂದರು. ಈ ಸಲ ಅದನ್ನು ಕಾಕಾನ ಮಗ ಸೋಪು ಹಾಕಿ ತೊಳೆದು ಕಳಿಸಿದ್ದ. ಯಾರೂ ಬೇಡವೆನ್ನುವ ಮೊದಲೇ ಸಿದ್ದಾರೂಢ ಎರಡು ಬಾಟಲಿ ರುಮಿನೋರಾ ಪಂಪಿಗೆ ಸುರಿದ.

ಬಾನೆಟ್ಟಿನ ಮೇಲೆ ಬಂದದ್ದು ಶಗಣಿ ಬಣ್ಣ. ನಬಿಲಾಲ ಮೊದಲ ದಿನ ಹೇಳಿದ್ದ ಅದೇ ಶಗಣಿ, ಒಂದು ಕೂದಲೆಳೆ ಆಚೀಚೆ ಇಲ್ಲ. ಔಷಧ ಬಣ್ಣದೊಳಗೆ ಕೂಡಲೇ ಇಲ್ಲ, ಹಾಲಿನ ಕೆನೆಯ ಹಾಗೆ ಮೇಲೆ ನಿಂತಿತು. ಇಂಗು, ಶುಂಠಿ, ಬೆಲ್ಲದ ಘಮ ಓಣಿಯ ತುಂಬ ಹರಡಿತು.

"ಒಣಗಲಿ, ಒಣಗಿದ ಮ್ಯಾಲ ಬರ್ತೈತಿ," ಎಂದು ಸಿದ್ದಾರೂಢ ಕಟ್ಟೆಯ ಮೇಲೆ ಕುಳಿತ.

ಸಂಜೆ ಐದಕ್ಕೆ ಮೇದು ಬರುತ್ತಿದ್ದ ಎಮ್ಮೆಗಳು ಓಣಿಯ ಬಾಯಲ್ಲಿ ಮೂಗೆತ್ತಿ ನಿಂತವು. ಆಮೇಲೆ ಆರಕ್ಕೆ ಆರೂ ಒಳಗೆ ನುಗ್ಗಿ, ಹದಿನೆಂಟು ಲಕ್ಷದ ಕಾರನ್ನು ಕೊಟ್ಟಿಗೆಯ ಗೋದಲಿಯ ಹಾಗೆ ಸುತ್ತುವರಿದು ನೆಕ್ಕತೊಡಗಿದವು. ಹಿಂಡಿನ ಯಜಮಾನ ಬಾಲ ಹಿಡಿದು ಎಳೆದ. ಸಿದ್ದಾರೂಢ ಕೊಂಬು ಹಿಡಿದು ಎಳೆದ. ನಡುವೆ ಸಿಕ್ಕ ಅವನ ಕೈಯನ್ನೂ ಒಂದು ಎಮ್ಮೆ ಮೊಣಕೈತನಕ ನೆಕ್ಕಿತು. ಡಾಕ್ಟರು ಗಾಬರಿಯಿಂದ ಓಡಿ ಬಂದು ಎಮ್ಮೆಗಳ ಬಾಯಿ ತೆರೆಸಿ ನಾಲಿಗೆ ನೋಡಿದರು. ಮೇಲಿನ ಔಷಧವನ್ನಷ್ಟೇ ನೆಕ್ಕಿದ್ದವು. "ಏನೂ ಆಗಂಗಿಲ್ಲ. ಆರು ತಿಂಗಳ ಇವಕ್ಕ ಉಬ್ಬರದ ಚಿಂತಿ ಇಲ್ಲ," ಎಂದರು.

ಸಿದ್ದಾರೂಢ ನೆಲದ ಮೇಲೆ ಕುಳಿತು ಮೊದಲ ಸಲ ಬಾಟಲಿಯ ಮೇಲಿನ ಅಕ್ಷರ ಓದಿದ. ದನ, ಎಮ್ಮೆ, ಕುರಿಗಳಿಗೆ ಮಾತ್ರ.

"ಅಣ್ಣಾರ, ನೀವು ಖರೇನ ಹೇಳಿದ್ರಿ."

"ಹೌದೋ ಮಾರಾಯಾ."

"ಹಂಗಾದ್ರ ಆ ಬಣ್ಣ ಹೆಂಗ ಬಂತು?"

"ಬಂತು."

"ಹೆಂಗ್ರಿ?"

"ಗೊತ್ತಿಲ್ಲೋ. ಬಂತು."

ಎಲ್ಲರೂ ತಿರುಗಿ ಅಂಗಳದಲ್ಲಿದ್ದ ಸಣ್ಣ ಕಾರಿನ ಕಡೆ ನೋಡಿದರು. ಸಂಜೆಯ ಬೆಳಕಿನಲ್ಲಿ ಅದು ಉಸಿರಾಡುತ್ತಿರುವ ಹಾಗೆ ಕಾಣುತ್ತಿತ್ತು. ಇಟಲಿಯದೆಂದು ತಿಳಿದಾಗ ಜನ ಅದನ್ನು ಮೆಚ್ಚಿಕೊಂಡು ನೋಡಿದ್ದರು. ಈಗ, ಯಾರದೂ ಅಲ್ಲ, ಇನ್ನೊಮ್ಮೆ ಬರುವುದೂ ಇಲ್ಲ ಎಂದು ಗೊತ್ತಾದ ಮೇಲೆ, ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ನಿಂತರು. ಎಮ್ಮೆಗಳು ಮಾತ್ರ ತುಟಿ ಚಪ್ಪರಿಸುತ್ತಿದ್ದವು.

"ಮಗಳು ಇದರಾಗನ ಹೋಗ್ಲಿ," ಎಂದ ಸಿದ್ದಾರೂಢ. ಅವನ ದನಿ ಗುತ್ತಿಗೆದಾರನದಾಗಿರಲಿಲ್ಲ.

ಮೇ ತಿಂಗಳ ಮೊದಲ ವಾರ ಕೊಲ್ಹಾರದಲ್ಲಿ ಮದುವೆ. ಕಾರಿಗೆ ಹೂವು ಕಟ್ಟಲು ಯಾರಿಗೂ ಧೈರ್ಯ ಬರಲಿಲ್ಲ, ಬಣ್ಣದ ಮೇಲೆ ಹೂವು ಇಟ್ಟರೆ ಹೂವಿಗೇ ಅವಮಾನ ಎಂದು ಬಿಟ್ಟರು. ಚನ್ನಬಸಯ್ಯ ಓಡಿಸುತ್ತಿದ್ದ, ಹಿಂದೆ ವಿಜಯಲಕ್ಷ್ಮಿಯ ಪಕ್ಕ ಐಶ್ವರ್ಯ ಕುಳಿತಿದ್ದಳು. ಅದರ ಹಿಂದೆ ಸಿದ್ದಾರೂಢನ ಕಾರು, ಮಂದಿಯ ಟೆಂಪೋ. ಬಿಸಿಲು ನಲವತ್ತೆರಡು ಡಿಗ್ರಿ. ಕೊಲ್ಹಾರ ಒಂದು ಕಿಲೋಮೀಟರ್ ಉಳಿದಾಗ, ಹಿನ್ನೀರು ಕಣ್ಣಿಗೆ ಬೀಳುವ ತಿರುವಿನಲ್ಲಿ ಇಂಜಿನ್ನು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ನೀರು ಹಾಕಿದರು, ಗಾಳಿ ಹಾಕಿದರು, ಚಂದವ್ವ ದೇವರಿಗೆ ಹರಕೆ ಹೊತ್ತಳು. ಏನೂ ಆಗಲಿಲ್ಲ.

ಎದುರುಗೊಳ್ಳಲು ವಾಜಂತ್ರಿಯೊಡನೆ ಬಂದ ಗುರುಪಾದಯ್ಯ ಅಲ್ಲಿಗೇ ಬಂದರು. "ನಮ್ಮ ಗಾಡಿಗೆ ಹತ್ತಿಸೂಣು ಬೀಗ್ರ, ಮುಹೂರ್ತಕ್ಕ ಮುಕ್ಕಾಲು ತಾಸು ಐತಿ," ಎಂದ ಸಿದ್ದಾರೂಢ.

"ಉಹುಂ. ಇದರಾಗನ ಬರಬೇಕು ಅಂದೇನಿ. ನೂಕ್ರಿ."

ಗಂಡಸರು ಕಾರಿನ ಹಿಂದೆ ಸೇರಿದರು. ಆದರೆ ಯಾರ ಕೈಯೂ ಮುಂದೆ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಆ ಬಣ್ಣವನ್ನು ನೋಡಿದವರು ಸಾವಿರ ಜನ, ಬಾಗಿಲ ಹಿಡಿಕೆ ಬಿಟ್ಟರೆ ಮುಟ್ಟಿದವರು ಒಬ್ಬರೂ ಇಲ್ಲ. ಕೊನೆಗೆ ಸಿದ್ದಾರೂಢ ಅಂಗೈಗಳನ್ನು ತನ್ನ ಹೊಸ ರೇಷ್ಮೆ ಧೋತರಕ್ಕೆ ಒರೆಸಿಕೊಂಡು, ಕಣ್ಣು ಮುಚ್ಚಿ, ಕಾರಿನ ಬೆನ್ನಿಗೆ ಇಟ್ಟ. ಅವನ ಹಿಂದೆ ಗುರುಪಾದಯ್ಯ, ನಬಿಲಾಲ, ಡಾಕ್ಟರು, ಅನಿಲ, ಎಲ್ಲ ಕೂಡಿ ಹದಿನೇಳು ಮಂದಿ. ವಾಜಂತ್ರಿಯವರು ಮುಂದೆ, ಕಾರು ನಡುವೆ, ಬೆವರುವ ಬೀಗರು ಹಿಂದೆ. ಹಿನ್ನೀರಿನ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರು ಬಲೆ ಕೈಬಿಟ್ಟು ನಿಂತರು. ಬಿಸಿಲಿಗೆ ಕಾಯ್ದ ಬಣ್ಣ ಅಂದು ಹಿಂದೆಂದೂ ಹೊಳೆಯದ ಹಾಗೆ ಹೊಳೆಯುತ್ತಿತ್ತು. ಸೊಸೆ ಮುಹೂರ್ತಕ್ಕೆ ಐದು ನಿಮಿಷ ಮೊದಲು ಮಂಟಪದ ಬಾಗಿಲಿಗೆ ಬಂದಳು.

ಅಕ್ಷತೆ ಬಿದ್ದ ಮೇಲೆ ಚನ್ನಬಸಯ್ಯ ಕಾರು ನೋಡಲು ಹೊರಗೆ ಬಂದ. ಕಾರಿನ ಬೆನ್ನಿಗೆ, ಬಗಲಿಗೆ, ಕೈ ಇಟ್ಟಲ್ಲೆಲ್ಲ ಬಣ್ಣ ಕಿತ್ತು ಹೋಗಿತ್ತು. ಮೂವತ್ತನಾಲ್ಕು ಅಂಗೈಗಳ ಹಳೆಯ ಬಿಳಿ ಗುರುತು. ಪಂಪಿನ ಬೇವಿನೆಣ್ಣೆ ಬೆರೆತ ಬಣ್ಣ ಒಳಗೊಳಗೆ ಒಣಗಿಯೇ ಇರಲಿಲ್ಲ, ಬಿಸಿಲಿಗೆ ಮೆತ್ತಗಾಗಿ ಮುಟ್ಟಿದವರಿಗೆ ಅಂಟಿಕೊಂಡಿತ್ತು. ಹೆಂಡತಿಗೆ ಏನು ಹೇಳುವುದು, ಬೀಗರಿಗೆ ಯಾವ ಮುಖ ತೋರಿಸುವುದು ಎಂದು ತಿಳಿಯದೆ ಮೆಲ್ಲಗೆ ಊಟದ ಮನೆಗೆ ಬಂದ.

ಅಲ್ಲಿ ಯಾರೂ ಕಾರಿನ ಮಾತು ಆಡುತ್ತಿರಲಿಲ್ಲ. ಒಂದೇ ಸಾಲಿನಲ್ಲಿ ಹದಿನೇಳು ಮಂದಿ ಎಲೆಯ ಮುಂದೆ ಕುಳಿತು, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ತಲೆ ಬಗ್ಗಿಸಿ ನೋಡುತ್ತಿದ್ದರು. ಕಬ್ಬಿಣದ ಮೇಲೆ ಇದ್ದದ್ದಕ್ಕಿಂತ ಕೈಯ ಮೇಲೆ ಅದು ಹೆಚ್ಚು ಚೆನ್ನಾಗಿತ್ತು. ನಬಿಲಾಲ ಬೆರಳು ಮಡಿಸಿ ಬಿಡಿಸಿ ನೋಡುತ್ತಿದ್ದ. ಸಿದ್ದಾರೂಢ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗುವಿನ ಹಾಗೆ ಬಾಯಿ ತೆರೆದಿದ್ದ.

ಬಡಿಸುವವನು ಹೋಳಿಗೆ ಹಾಕಿ, ತುಪ್ಪ ಹಾಕಿ, ನೀರಿನ ಚರಗಿ ಹಿಡಿದು ಬಂದ. "ಕೈ ತೊಳ್ಕೋರಿ ಯಜಮಾನ್ರ."

ಗುರುಪಾದಯ್ಯ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು.

"ಚರಗಿ ಈ ಸಾಲಿಗೆ ತರಬ್ಯಾಡ. ಚಮಚಾ ತಾ."

"ಹೋಳಿಗಿಗೆ ಚಮಚಾ ಏನ್ರಿ?"

"ಹೌದು. ಹದಿನೇಳು ತಾ."